ಗಂಟಿಲ್ಲದ ದಾರ

“ಗುರುಗಳೇ, ಕಾಯಿಲೆ ಬೀಳದಂತೆ ಬಾಳುವವರಿಗೆ ಅರಮನೆ ಬಹುಮಾನ ಕೊಟ್ಟರೆ ತಪ್ಪೇನು?” ಎಂದು ಮಲ್ಲಿದೇವ ಕೇಳಿದ. ಮರುದಿನ ಅವನು ಮಂತ್ರಿಯ ಕೆಲಸಕ್ಕೆ ಸೇರುವವನಿದ್ದ. ತನ್ನ ಮೊದಲ ಆಜ್ಞೆಯನ್ನು ಓಲೆಯಲ್ಲಿ ಬರೆದು ಆಶೀರ್ವಾದಕ್ಕೆಂದು ತಂದಿದ್ದ.

ಗುರುಗಳು ಓಲೆಯನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ರಾಜ ಊರಿಗೊಬ್ಬ ವೈದ್ಯನನ್ನು ನೇಮಿಸಿದ. ಕಷಾಯ, ಲೇಹ್ಯ ಎಲ್ಲವೂ ಅರಮನೆಯದೇ. ಪ್ರಜೆಗಳು ಕೈ ಚಾಚಿದರೆ ಸಾಕು. ಕೆಲವು ವರ್ಷ ಕಳೆದ ಮೇಲೆ ರಾಜನಿಗೆ, ಜನ ಕಂಡದ್ದೆಲ್ಲ ತಿಂದು ವೈದ್ಯನ ಜಗಲಿಗೆ ಬಂದು ಮಲಗುತ್ತಿದ್ದಾರೆ ಅನ್ನಿಸಿತು. ಆಜ್ಞೆ ಹೊರಡಿಸಿದ. ಯಾರಿಗೆ ಮದ್ದು ಕೊಟ್ಟರೂ ವೈದ್ಯ ದಾರಕ್ಕೆ ಒಂದು ಗಂಟು ಹಾಕಬೇಕು. ವರ್ಷದ ಕೊನೆಗೆ ಯಾವ ಊರಿನ ದಾರದಲ್ಲಿ ಗಂಟು ಕಡಿಮೆಯೋ, ಆ ಊರಿಗೆ ದೊಡ್ಡ ಕೆರೆಯ ಮೊದಲ ನೀರು.

ಒಂದೂರಿನ ವೈದ್ಯ ಹಿಗ್ಗಿದ. ಹಿಗ್ಗಲು ಕಾರಣವೂ ಇತ್ತು. ಜನ ಚರಂಡಿ ತೋಡಿದರು, ನೀರು ಕಾಯಿಸಿ ಕುಡಿದರು, ಹೆಂಡ ಬಿಟ್ಟರು. ಬಿಟ್ಟೆವು ಎಂದಾದರೂ ಹೇಳಿದರು. ಮೊದಲ ವರ್ಷ ಗಂಟುಗಳು ಅರ್ಧಕ್ಕಿಳಿದವು. ಎರಡನೆಯ ವರ್ಷ ಏಳೇ ಗಂಟು. ಆದರೂ ನೀರು ಪಕ್ಕದೂರಿಗೆ ಹೋಯಿತು. ಅಲ್ಲಿ ಐದೇ ಇದ್ದವು.

ಮೂರನೆಯ ವರ್ಷ ಊರು ಹಟ ಹಿಡಿಯಿತು. ಕುಂಬಾರನೊಬ್ಬ ಕೆನ್ನೆ ಹಿಡಿದುಕೊಂಡು ವೈದ್ಯನ ಮನೆಯತ್ತ ಹೊರಟಾಗ ಕಟ್ಟೆಯ ಮೇಲೆ ಕೂತವರು, “ಏನಣ್ಣ, ನಿನ್ನೊಂದು ಹಲ್ಲಿಗೆ ನಮ್ಮೆಲ್ಲರ ಗದ್ದೆ ಒಣಗಿಸ್ತೀಯಾ?” ಎಂದರು. ಅವನು ಕೆನ್ನೆಯಿಂದ ಕೈ ತೆಗೆದು, “ಸುಮ್ಮನೆ ಗಾಳಿಗೆ ಬಂದೆ” ಎಂದು ನಕ್ಕು ತಿರುಗಿ ಹೋದ. ವೈದ್ಯ ಒಳಗಿನಿಂದಲೇ ನೋಡಿದ. ದಾರಿಯಲ್ಲೇ ವಾಸಿಯಾಗುವಷ್ಟು ಗಟ್ಟಿ ಜನ ಎಂದು ಸಂತೋಷಪಟ್ಟ.

ಮನೆಯಲ್ಲಿ ಹೆಂಡತಿ ಊಟ ಬಿಡತೊಡಗಿದಳು.

“ಇವತ್ತೇಕೆ ಉಣ್ಣಲಿಲ್ಲ?”

“ಏಕಾದಶಿ ಅಲ್ಲವೇ?”

“ಮೊನ್ನೆಯೂ ಉಪವಾಸವಿದ್ದೆ.”

“ಅದು ಸೋಮವಾರದ ವ್ರತ. ನಿಮಗೆ ನಾಡಿ ಗೊತ್ತು, ಪಂಚಾಂಗ ಎಲ್ಲಿ ಗೊತ್ತು?”

ವೈದ್ಯ ನಕ್ಕ. ಹೆಂಡತಿಗೆ ಭಕ್ತಿ ಹೆಚ್ಚಿತೆಂದು ನಾಲ್ಕು ಮಂದಿಗೆ ಹೇಳಿಕೊಂಡೂ ಬಂದ.

ವರ್ಷ ಮುಗಿಯಿತು. ದಾರದಲ್ಲಿ ಒಂದು ಗಂಟೂ ಇರಲಿಲ್ಲ. ರಾಜ ಊರಿಗೇ ಬಂದು, ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದ. ವೈದ್ಯನಿಗೆ ಜರಿಯ ಶಾಲು ಹೊದಿಸಿದ. ಹೆಂಡತಿಗೆ ತೋರಿಸಬೇಕೆಂದು ವೈದ್ಯ ಶಾಲಿನಲ್ಲೇ ಮನೆಗೆ ಓಡಿದ.

ಅವಳು ಒರಳಿನ ಪಕ್ಕ ಬಿದ್ದಿದ್ದಳು.

ಅವನು ಕೈ ಹಿಡಿದು ನಾಡಿ ನೋಡಿದ. ಆ ವರ್ಷ ಅವನು ನೋಡಿದ ಮೊದಲ ನಾಡಿ ಅದು. ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು.

“ಯಾವಾಗಿನಿಂದ?” ಎಂದ.

“ಮಳೆಗಾಲದಿಂದ. ಮದ್ದು ಕೊಟ್ಟು ಗಂಟು ಹಾಕದೆ ಬಿಡುವವರೇ ನೀವು? ವೈದ್ಯನ ಮನೆಯದೇ ಗಂಟು ಎಂದಿದ್ದರೆ ಊರು ನಿಮ್ಮನ್ನು ಬಾಳಗೊಡುತ್ತಿತ್ತೇ?”

ಕಾಲುವೆಗೆ ನೀರು ಬಿಟ್ಟರು. ಊರೆಲ್ಲ ಕೇಕೆ ಹಾಕಿತು. ಅಷ್ಟರಲ್ಲಿ ಅವನು ಹಿಡಿದಿದ್ದ ಕೈ ತಣ್ಣಗಾಗಿತ್ತು. ಅವಳಿಗೆ ಬೇಕಾಗಿದ್ದ ಬೇರು ಅದೇ ಕೋಣೆಯ ಜಂತಿಯಿಂದ ತೂಗುತ್ತಿತ್ತು. ಹದಿನೈದು ದಿನ ಕಷಾಯ ಕುಡಿದಿದ್ದರೆ ಸಾಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿದೇವನ ಓಲೆ ಹಿಡಿದ ಕೈ ತಾನಾಗಿಯೇ ಬೆನ್ನ ಹಿಂದೆ ಸರಿದಿತ್ತು.

“ರಾಜನಿಗೆ ತಿಳಿಯಲಿಲ್ಲವೇ, ಗುರುಗಳೇ? ಆ ಗೌರವವನ್ನು ಅವನು ಹಿಂದಕ್ಕೆ ಪಡೆಯಲಿಲ್ಲವೇ?”

“ಏಕೆ ಪಡೆಯಬೇಕು, ಮಗು? ದಾರದ ಲೆಕ್ಕದಲ್ಲಿ ಅವಳು ಆರೋಗ್ಯವಾಗಿಯೇ ಸತ್ತಳಲ್ಲ.”