ಹೆಬ್ಬೆರಳಿನ ಕೆಳಗಿನ ಗೀರು

“ಮಾಸ್ತರ್, ಕಟ್ಟಿಗೆ ಶಾಫ್ಟ್ ಹಾಕಲೋ, ಕಾರ್ಬನ್ ಶಾಫ್ಟ್ ಹಾಕಲೋ? ಇವತ್ತು ನೀವು ಹೇಳಲೇಬೇಕು.”

ಕೇಳಿದವಳು ಮಹಾನಂದಾ. ಕೇಳಿದಳು ಅನ್ನುವುದಕ್ಕಿಂತ ಜಗಳಕ್ಕೆ ನಿಂತಳು ಅಂದರೆ ಸರಿ. ಫಕೀರಪ್ಪ ಮಾಸ್ತರರು ರೈಲ್ವೆ ಕ್ಲಬ್ಬಿನಲ್ಲಿ ಮೂವತ್ತು ವರ್ಷ, ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಮೇಜಿನ ಪಕ್ಕ ನಿಂತು ಅಂಕ ಹೇಳಿದವರು. ಆಡಲು ಬಂದವರ ಕೈ ತಿದ್ದಿದವರು. ಅವರ ಮುಂದೆ ದನಿ ಏರಿಸುವ ಶಿಷ್ಯರು ಯಾರೂ ಇರಲಿಲ್ಲ. ಇವಳೊಬ್ಬಳು ಏರಿಸುತ್ತಿದ್ದಳು.

ಬರುವ ಭಾನುವಾರ ಜಿಲ್ಲೆಯ ತಂಡಕ್ಕೆ ಆಯ್ಕೆ. ಇರುವುದು ಒಂದೇ ಜಾಗ. ಅವಳ ಕೈಯಲ್ಲಿ ಕೋಲಿನ ಹಿಂದಿನ ಅರ್ಧ, ಅಂದರೆ ಹಿಡಿಕೆ. ಮುಂದಿನ ಅರ್ಧವೇ ಶಾಫ್ಟ್. ಅದನ್ನು ಹಿಡಿಕೆಗೆ ತಿರುಪಿ ಆಡಬೇಕು. ಮೇಜಿನ ಮೇಲೆ ಎರಡು ಶಾಫ್ಟ್ ಬಿದ್ದಿದ್ದವು. ಒಂದು ಮೇಪಲ್ ಮರದ್ದು, ಬಳಸಿ ಬಳಸಿ ನುಣುಪಾದದ್ದು. ಇನ್ನೊಂದು ಕಾರ್ಬನ್ನಿನದು, ಕಾಡಿಗೆಯ ಹಾಗೆ ಕಪ್ಪು.

“ಕಟ್ಟಿಗೆಯದು ಮಳೆ ಬಂದರೆ ಒಂದು ಥರ, ಬಿಸಿಲಿಗೆ ಒಂದು ಥರ. ನಂಬೋ ಹಾಗಿಲ್ಲ. ಕಾರ್ಬನ್ ಹಾಕು, ನೂಲು ಹಿಡಿದ ಹಾಗೆ ನೆಟ್ಟಗೆ ಹೋಗ್ತದೆ ಅಂತ ಊರೆಲ್ಲ ಹೇಳಿತು. ಹಾಕಿದೆ. ಚೆಂಡು ಪ್ರತಿ ಸಲ ಕೂದಲೆಳೆಯಷ್ಟು ಬಲಕ್ಕೆ! ಮೋಸ ಅಲ್ಲೇನ್ರಿ ಇದು? ಹಗಲುಮೋಸ!”

ಬೈಯುವಾಗಲೂ ಅವಳ ಹೆಬ್ಬೆರಳು ಹಿಡಿಕೆಯ ಮೇಲೆ ತಾನಾಗಿ ಒಂದು ಕಡೆ ಹೋಗಿ ಕೂತಿತ್ತು.

ಮಾಸ್ತರರು ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣದ ಪುಡಿ ಹತ್ತಿದ ಕೈ ಕೊಡವಿ ಸ್ಟೂಲಿನ ಮೇಲೆ ಕೂತರು. ಒಂದು ಕತೆ ಹೇಳಿದರು.

ಒಬ್ಬ ಆಟಗಾರ ಇದ್ದ. ಅವನ ಗುರು ಮೊದಲ ದಿನವೇ ಎರಡು ಮಾತು ಹೇಳಿದ್ದ. ಕೋಲನ್ನು ಗೋಡೆಗೆ ಒರಗಿಸಬೇಡ, ಬಾಗುತ್ತದೆ. ಬಾಗಿದರೆ ನಾಚಿಕೊಳ್ಳದೆ ನನ್ನ ಹತ್ತಿರ ತಾ.

ಮೊದಲ ಮಾತನ್ನು ಅವನು ಒಂದು ಮಳೆಗಾಲ ಮರೆತ. ಆಟ ಮುಗಿಸಿ, ಚಹಾ ಬಂತೆಂದು ಕೋಲನ್ನು ಹಸಿ ಗೋಡೆಗೆ ಆನಿಸಿ ಹೋಗುವುದು ರೂಢಿಯಾಯಿತು. ಶಾಫ್ಟು ಎಡಕ್ಕೆ ವಾಲಿತು. ಹೆಚ್ಚಲ್ಲ, ಅಕ್ಕಿಕಾಳಿನಷ್ಟು. ಎರಡನೆಯ ಮಾತನ್ನು ಅವನು ಮರೆಯಲಿಲ್ಲ, ಬೇಕೆಂದೇ ಬಿಟ್ಟ. ಇಷ್ಟು ವರ್ಷ ಆಡಿದವನು ಕೋಲನ್ನು ಗೋಡೆಗೆ ಒರಗಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಯಾರೂ ಇಲ್ಲದಾಗ ಹಿಡಿಕೆಯ ಮೇಲೆ ಮೊಳೆಯಿಂದ ಉಗುರುದ್ದದ ಗೀರು ಎಳೆದ. ಗೀರಿನ ಮೇಲೆ ಹೆಬ್ಬೆರಳು ಇಟ್ಟರೆ ಬಾಗು ಯಾವತ್ತೂ ಎಡಕ್ಕೇ ಇರುತ್ತದೆ. ಅಷ್ಟನ್ನು ಕೈಯಿಂದ ಬಲಕ್ಕೆ ತಳ್ಳಿ ಹೊಡೆದರಾಯಿತು. ಹೊಡೆದ. ಗೆದ್ದ ಕೂಡ.

ಮಹಾನಂದಾಳ ಮುಷ್ಟಿ ಹಿಡಿಕೆಯ ಮೇಲೆ ಬಿಗಿಯಾಯಿತು.

“ಅದರಲ್ಲಿ ತಪ್ಪೇನದೆ ಮಾಸ್ತರ್? ಗೆದ್ದನಲ್ಲ! ಗೆದ್ದವನ ಕೈಯನ್ನ ಯಾರು ಕೇಳ್ತಾರೆ?”

“ನಾನು ಕೇಳಿದೆನೇನು, ತಂಗಿ? ಕತೆ ಕೇಳು.”

ಬರಬರುತ್ತಾ ಬಾಗು ಹೆಚ್ಚು ಕಡಿಮೆ ಆಗತೊಡಗಿತು. ಮೋಡದ ದಿನ ಒಂದು ಲೆಕ್ಕ, ಸೆಕೆಯ ದಿನ ಇನ್ನೊಂದು. ಆಟಗಾರನಿಗೆ ರೇಗಿತು. ಶಾಫ್ಟನ್ನು ಬಿಚ್ಚಿ ಒಬ್ಬ ಬಡಗಿಯ ಮುಂದೆ ಎಸೆದ. “ಒಲೆಗೆ ಹಾಕು ಇದನ್ನ, ನೀರಾದರೂ ಕಾಯಲಿ,” ಎಂದ. ವ್ಯಾಪಾರಿಯಿಂದ ಕಾರ್ಬನ್ ಶಾಫ್ಟ್ ತಂದು ಅದೇ ಹಿಡಿಕೆಗೆ ತಿರುಪಿದ. ಹೊಡೆದ. ಚೆಂಡು ಬಲಕ್ಕೆ ಹೋಯಿತು. ಮತ್ತೆ ಹೊಡೆದ. ಮತ್ತೆ ಬಲಕ್ಕೆ.

ರೊಟ್ಟಿ ಸೀದರೆ ಹಂಚನ್ನು ಬೈಯುವವರಿದ್ದಾರಲ್ಲ, ಹಾಗೆ ಅವನು ಅಂಗಡಿಯ ಮುಂದೆ ನಿಂತು ಕೂಗಾಡಿದ. ಸೊಟ್ಟ ಸರಕು ಮಾರುತ್ತೀಯಾ, ನಿನ್ನ ಅಂಗಡಿಗೆ ಬೀಗ ಬೀಳಲಿ ಎಂದ. ವ್ಯಾಪಾರಿ ಶಾಫ್ಟನ್ನು ಗಾಜಿನ ಮೇಲೆ ಉರುಳಿಸಿದ. ಗಾಜಿಗೂ ಶಾಫ್ಟಿಗೂ ನಡುವೆ ಇರುವೆ ನುಗ್ಗುವಷ್ಟೂ ಸಂದಿಯಿರಲಿಲ್ಲ.

“ಗಾಜೇ ಡೊಂಕಿತ್ತೋ ಏನೋ!” ಎಂದಳು ಮಹಾನಂದಾ. ಅವಳ ಕಿವಿ ಕೆಂಪಾಗಿತ್ತು.

“ಅವನೂ ಅದನ್ನೇ ಹೇಳಿದ,” ಎಂದರು ಮಾಸ್ತರರು.

ಸಿಟ್ಟಿನಲ್ಲೇ ಅವನು ಬಡಗಿಯ ಹತ್ತಿರ ಓಡಿದ. ನನ್ನ ಹಳೆಯದೇ ವಾಸಿ, ಸುಟ್ಟಿಲ್ಲ ತಾನೆ, ಕೊಡು ಎಂದ. ಬಡಗಿ ಸುಟ್ಟಿರಲಿಲ್ಲ. ಒಳ್ಳೆಯ ಮರವನ್ನು ಒಲೆಗೆ ಹಾಕಲು ಅವನ ಕೈ ಬಂದಿರಲಿಲ್ಲ. ವಾರವೆಲ್ಲ ಹದವಾಗಿ ಬಿಸಿ ಕೊಟ್ಟು, ಭಾರ ಹೇರಿ, ದಿನಕ್ಕಿಷ್ಟು ಎಂದು ತಿದ್ದಿ ಅದರ ಬಾಗು ತೆಗೆದಿದ್ದ. ಮಗುವಿಗೆ ಎಣ್ಣೆ ನೀವುವ ಹಾಗೆ ನೀವಿ ಕೊಟ್ಟ.

ಆಟಗಾರ ಅದನ್ನು ತಿರುಪಿ ಹೊಡೆದ. ಚೆಂಡು ಬಲಕ್ಕೆ ಹೋಯಿತು.

ಈಗ ಅವನ ಕೂಗಿಗೆ ಬೀದಿಯೇ ಕೂಡಿತು. ಕಾರ್ಬನ್ ಮಾರಿದವನು ಕಳ್ಳ, ಕಟ್ಟಿಗೆ ತಿದ್ದಿದವನು ಕೊಲೆಗಾರ, ನಾನೊಬ್ಬ ಎಲ್ಲರ ಕೈಗೆ ಸಿಕ್ಕ ಬಡಪಾಯಿ ಎಂದು ಎದೆ ಬಡಿದುಕೊಂಡ. ಬಡಗಿ ಅವನ ಮಾತು ಕೇಳಲಿಲ್ಲ, ಕೈ ನೋಡಿದ. ಹಿಡಿಕೆಯ ಗೀರು ಕಂಡಿತು. ಗೂಡಿನಿಂದ ಒಂದು ಚೂರು ಉಪ್ಪುಕಾಗದ ತೆಗೆದ.

“ಅಣ್ಣಾ, ಶಾಫ್ಟು ನೆಟ್ಟಗಾಯಿತಲ್ಲ. ಇನ್ನು ಈ ಗೀರು ಯಾಕೆ? ಇಲ್ಲಿ ಕೊಡು, ಉಜ್ಜಿಬಿಡ್ತೀನಿ.”

ಆಟಗಾರ ಹಿಡಿಕೆಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದ. “ಅದೊಂದನ್ನ ಮುಟ್ಟಿದರೆ ನಿನ್ನ ಕೈ ಮುರಿದೇನು!”

ಹಾಗೆಂದು ಹೋದವನು ಇವತ್ತಿಗೂ ಹೊಸ ಶಾಫ್ಟ್ ಹುಡುಕುತ್ತಿದ್ದಾನೆ.

ಮಾಸ್ತರರು ಕತೆ ನಿಲ್ಲಿಸಿದರು. ಮಹಾನಂದಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಎರಡು ಶಾಫ್ಟನ್ನೂ ಒಂದೇ ಕೈಯಲ್ಲಿ ಬಾಚಿ ಅವರ ಮುಂದೆ ಹಿಡಿದಳು.

“ಕತೆ ಆಯಿತು. ನಾನು ಕೇಳಿದ್ದಕ್ಕೆ ಉತ್ತರ ಎಲ್ರಿ? ಭಾನುವಾರ ನಾನು ಯಾವುದು ಹಿಡಿದು ನಿಲ್ಲಲಿ? ಕಟ್ಟಿಗೆಯೋ, ಕಾರ್ಬನ್ನೋ? ಒಂದು ಹೆಸರು ಹೇಳಿ ಸಾಕು!”

ಮಾಸ್ತರರು ಅಂಗಿಯ ಜೇಬಿಗೆ ಕೈ ಹಾಕಿದರು. ಒಂದು ಚೂರು ಉಪ್ಪುಕಾಗದ ತೆಗೆದು ಮೇಜಿನ ಹಸಿರು ಬಟ್ಟೆಯ ಮೇಲೆ ಇಟ್ಟರು. ಮಹಾನಂದಾಳ ಇನ್ನೊಂದು ಕೈಯ ಹೆಬ್ಬೆರಳು ಹಿಡಿಕೆಯ ಮೇಲೆ ಅದೇ ಜಾಗದಲ್ಲಿ ಕೂತೇ ಇತ್ತು.

“ಯಾವುದಾದರೂ ತಿರುಪಿಕೋ ತಂಗಿ, ಮೊದಲು ಆ ಹೆಬ್ಬೆರಳು ತೆಗಿ.”