ಗೋಡೆಯ ವಯಸ್ಸು

ಹೊಳೆದಂಡೆಯ ಆ ಊರಿನಲ್ಲಿ ನೀರಿಗಿಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಮೆಟ್ಟಿಲುಗಳಿಗೊಂದು ಗೋಡೆ, ಗೋಡೆಗೊಂದು ಬಾಗಿಲು. ಕೇರಿಯ ಹೆಂಗಸರು ಆ ಬಾಗಿಲು ದಾಟುವಂತಿರಲಿಲ್ಲ. ಆಚೆಯ ಜಾರುವ ಬಂಡೆಗಳ ಮೇಲೆಯೇ ಅವರು ಕೊಡ ಹೊತ್ತು ಹತ್ತಿಳಿಯಬೇಕಿತ್ತು.

ಹೊನ್ನೂರಪ್ಪ ಮೇಷ್ಟ್ರು ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದರು. ಪಾಠ ಮುಗಿಸಿ ಬಂದು ಕೇರಿಯವರ ಜೊತೆ ಆ ಬಾಗಿಲೆದುರು ಧರಣಿ ಕೂರುತ್ತಿದ್ದರು. ಪಕ್ಕದಲ್ಲಿ ಅವರ ಶಿಷ್ಯ ಗಾದಿಲಿಂಗ.

ಒಂದು ಸಂಜೆ ಗಾದಿಲಿಂಗ ಅಲ್ಲಿಗೇ ಕರಪತ್ರ ಬರೆದು ತಂದ. "ಅನಾದಿ ಕಾಲದಿಂದ ನಡೆದುಬಂದ ಅನ್ಯಾಯ ಕೊನೆಗಾಣಲಿ" ಎಂದು ಶುರುವಾಗುತ್ತಿತ್ತು.

ಮೇಷ್ಟ್ರು ಪೆನ್ನು ತೆಗೆದು ಮೊದಲ ಎರಡು ಪದ ಹೊಡೆದುಹಾಕಿದರು.

"ಸರ್, ಇಡೀ ಮಾತಿನ ತೂಕ ಇರೋದೇ ಅದರಲ್ಲಿ."

"ತೂಕವೇನೋ ಇದೆ. ಹೊರುವವರು ಯಾರು?"

ಗಾದಿಲಿಂಗನಿಗೆ ಅರ್ಥವಾಗಲಿಲ್ಲ. ಬಹಳ ದಿನದಿಂದ ಒಳಗಿದ್ದ ಮಾತು ಹೊರಬಂತು.

"ಸರ್, ನಾನಿನ್ನು ಧರಣಿಗೆ ಬರಲ್ಲ. ಚರಿತ್ರೆ ಓದಿದಷ್ಟೂ ಆಸೆ ಬತ್ತುತ್ತದೆ. ಇಷ್ಟು ಹಳೇದು, ನಾವು ಕೂತರೆ ಅಲ್ಲಾಡುತ್ತಾ?"

"ಗೌಡರು ಬಂದರು. ಸ್ವಲ್ಪ ಸರಿದು ಕೂರು," ಎಂದರು ಮೇಷ್ಟ್ರು.

ಊರಿನ ಪಂಪಾಪತಿ ಗೌಡರು ನಾಲ್ಕಾರು ಜನರ ಜೊತೆ ಬಂದು ಬಾಗಿಲಿಗೆ ಅಡ್ಡ ನಿಂತರು.

"ಏನ್ ಮೇಷ್ಟ್ರೆ, ಕಾಲೇಜಿನಲ್ಲಿ ಕುರ್ಚಿ ಕೊಟ್ಟಿಲ್ವಾ, ಇಲ್ಲಿ ನೆಲದ ಮೇಲೆ ಕೂರ್ತೀರಿ? ಅನಾದಿ ಕಾಲದಿಂದ ಬಂದ ಪದ್ಧತಿ ಇದು. ನಿಮ್ಮಿಂದ ಹೋಗುತ್ತಾ?"

ತನ್ನ ಪದವೇ ಗೌಡರ ಬಾಯಲ್ಲಿ ಬಂದದ್ದು ಕೇಳಿ ಗಾದಿಲಿಂಗ ಕರಪತ್ರ ಮಡಚಿಕೊಂಡ.

ಮೇಷ್ಟ್ರು ಎದ್ದು ಗೋಡೆ ತಡವಿದರು. "ಗಟ್ಟಿ ಗೋಡೆ ಗೌಡರೆ. ಈಗಿನವರ ಕೆಲಸ ಅಲ್ಲ."

ಗೌಡರ ಮುಖ ಅರಳಿತು. "ಮತ್ತೆ? ನಮ್ಮ ತಾತ ಮುಂದೆ ನಿಂತು ಕಟ್ಟಿಸಿದ್ದು. ಗಾರೆಗೆ ಬೆಲ್ಲ ಹಾಕಿಸಿದ್ದ. ಅದಕ್ಕೆ ಮುಂಚೆ ಇಲ್ಲಿ ಬರೀ ಮೆಟ್ಟಿಲು. ಯಾರು ಬೇಕಾದರೂ..."

ಗೌಡರು ನಾಲಿಗೆ ಕಚ್ಚಿಕೊಂಡರು.

ಕೇರಿಯ ಮುದುಕಿ ಹುಲಿಗೆವ್ವ ಖಾಲಿ ಕೊಡದ ಮೇಲೆ ಕೈಯಿಟ್ಟು ಕೂತಿದ್ದಳು.

"ಅಂದರೆ ಅನಾದಿ ಅನ್ನೋದು ನಿಮ್ಮ ತಾತನ ಹೆಸರಾ ಗೌಡ್ರೆ?"

ಕೇರಿಯವರು ನಕ್ಕರು. ಗೌಡರ ಹಿಂದಿದ್ದವರಲ್ಲೂ ಇಬ್ಬರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

ಹುಲಿಗೆವ್ವ ಕೊಡ ಎತ್ತಿಕೊಂಡು ಬಾಗಿಲ ಬಳಿ ಬಂದಳು. "ಸರೀರಿ ಯಪ್ಪಾ, ಮೊಣಕಾಲು ನೋಯ್ತಾವೆ. ಬಂಡೆ ಹತ್ತಕ್ಕಾಗಲ್ಲ."

ಗೌಡರು ಏನೋ ಹೇಳಹೋದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಹೊಳೆಯ ಕಡೆ ಮುಖ ತಿರುಗಿಸಿ ಒಂದು ಹೆಜ್ಜೆ ಸರಿದರು.

ಆಕೆ ಗೋಡೆ ಹಿಡಿದುಕೊಂಡು ಇಳಿದಳು. ಮೊದಲು ಮುಖ ತೊಳೆದಳು. ಆಮೇಲೆ ಕೊಡ ಮುಳುಗಿಸಿದಳು.

ಗಾದಿಲಿಂಗ ಮೇಷ್ಟ್ರ ಕಿವಿಯ ಬಳಿ ಬಗ್ಗಿದ.

"ಸರ್, ಗೌಡರು ಸುಮ್ಮನಿರಲ್ಲ. ನಾಳೆ ಬೀಗ ಹಾಕಿಸ್ತಾರೆ. ಆಕೆಯನ್ನು ತಡೀತಾರೆ."

ತುಂಬಿದ ಕೊಡ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತಿತ್ತು. ಮೇಷ್ಟ್ರು ಅದನ್ನೇ ನೋಡುತ್ತಿದ್ದರು.

"ನಾಳೆ ತಡೀಬಹುದು," ಎಂದರು. "ಇವತ್ತನ್ನು ಹ್ಯಾಗೆ ತಡೀತಾರೆ?"