ಹೆಣ ಹೋಗುವ ದಾರಿ

ಶಾಲೆಯಲ್ಲಿ ಗಂಟೆ ಹೊಡೆಯುವ ಪುಟ್ಟನಿಂಗಮ್ಮ ಒಂದು ಮನೆ ಕೊಳ್ಳಲು ಹೊರಟಳು. ಮಾರುವ ಶಾಂತವೀರಪ್ಪ ದರ್ಪದ ಆಸಾಮಿ. "ಪತ್ರ ಎಲ್ಲ ನಮ್ಮ ಸಿಟಿ ಲಾಯರ್ ಮಾಡ್ತಾರೆ. ನೀನು ಸಹಿ ಹಾಕಿದರೆ ಸಾಕು," ಎಂದ.

"ವಕೀಲರಿಗೆ ಒಂದು ಮಾತು ಕೇಳ್ತೀನಿ ಯಜಮಾನ್ರೇ. ಉತ್ತರ ಗೊತ್ತಿದ್ದೋರ ಕೈಲೇ ಪತ್ರ ಮಾಡಿಸ್ತೀನಿ."

ಸಿಟಿ ಲಾಯರು ಕಾರಿನಿಂದ ಇಳಿದರು.

"ಸ್ವಾಮಿ, ಈ ಮನೆಯಿಂದ ಹೆಣ ಯಾವ ದಾರೀಲಿ ಹೋಗುತ್ತೆ?"

ಲಾಯರು ನಕ್ಕರು. "ಬಾಗಿಲಿಂದಲೇ ಹೋಗುತ್ತೆ. ಒಳ್ಳೆ ಮಾತಾಡಮ್ಮ."

ನೋಂದಣಿ ಕಚೇರಿಯೆದುರು ಮೇಜು ಹಾಕಿಕೊಂಡು ಕೂರುವ ಊರಿನ ವಕೀಲ ದೇವೇಂದ್ರಯ್ಯನವರಿಗೂ ಅದನ್ನೇ ಕೇಳಿದಳು. ಅವರು ಕನ್ನಡಕ ತೆಗೆದಿಟ್ಟರು.

"ಆ ಮನೆ ಮುಂದಿನ ಓಣಿ ಪಕ್ಕದವರದು. ಬದುಕಿರೋರು ಓಡಾಡಬಹುದು, ಹೆಣ ಬಿಡಲ್ಲ ಅಂತಾರೆ. ನಾಲ್ಕು ವರ್ಷದ ಹಿಂದೆ ಒಬ್ಬ ಮುದುಕಿಯ ಹೆಣವನ್ನ ಹಿತ್ತಲ ಗೋಡೆ ಮೇಲಿಂದ ಇಳಿಸಿದರು. ಕೆಳಗೆ ನಿಂತು ಹಿಡಿದೋರಲ್ಲಿ ನಾನೂ ಒಬ್ಬ. ದಾರಿ ಹಕ್ಕು ಬರೆಸಿಕೊಳ್ಳದೆ ಕೊಳ್ಳಬೇಡಮ್ಮ."

ಅವಳು ಅಲ್ಲೇ ಕುಳಿತಳು. ಅವರೇ ತನ್ನ ವಕೀಲರು ಎಂದಳು.

ಶಾಂತವೀರಪ್ಪ ಸಿಡುಕುತ್ತ ಬಂದ. "ಮನೆ ಕೊಳ್ಳೋರು ಯಾರಾದ್ರೂ ಇಂಥ ಅಪಶಕುನ ಕೇಳ್ತಾರಾ?"

"ಬಾಡಿಗೆ ಮನೇಲಿ ನನ್ನ ಗಂಡ ತೀರಿಕೊಂಡಾಗ, ಹೆಣ ಒಳಗಿಡಬೇಡಿ ಅಂದರು ಮನೆ ಮಾಲೀಕರು. ಮಧ್ಯಾಹ್ನದವರೆಗೂ ಬೀದಿ ಬಿಸಿಲಲ್ಲಿ ಮಲಗಿಸಿದ್ದೆ. ಅವತ್ತಿಂದ ಯಾವ ಮನೆ ನೋಡಿದರೂ ಮೊದಲು ಅದನ್ನೇ ಕೇಳೋದು."

ಶಾಂತವೀರಪ್ಪ ಹೊರಟುಹೋದ. ಮೂರನೆಯ ದಿನ ಪಕ್ಕದವರಿಂದ ದಾರಿ ಹಕ್ಕು ಬರೆಸಿಕೊಂಡು ಬಂದು, ಕಾಗದವನ್ನು ಮೇಜಿನ ಮೇಲಿಟ್ಟ.

"ಇಷ್ಟು ಬೇಗ ಒಪ್ಪಿದರಾ?" ಎಂದಳು ಪುಟ್ಟನಿಂಗಮ್ಮ.

"ಕೈಮುಗಿದು ಕೇಳಿದೆ, ಕೊಟ್ಟರು," ಎಂದ ಅವನು. "ಆ ಮುದುಕಿ ನಮ್ಮವ್ವ. ಅವತ್ತು ನಾನು ಕೇಳಲಿಲ್ಲ."